ಮೆಹಬೂಬ್ ಅವರಿಗೆ ಇಂಗ್ಲಿಷ್ ಬರುವುದಿಲ್ಲವಂತೆ

ಎರಡು ಸಾವಿರದ ಮೂರರ ಚಳಿಗಾಲ, ನ್ಯೂಜಿಲೆಂಡಿನ ಕ್ರೈಸ್ಟ್‌ಚರ್ಚ್ ನಗರ. ಹಾರ್ನ್‌ಬಿಯ ಗ್ರಂಥಾಲಯದಲ್ಲಿ ನಾನು ಕೆಲಸಕ್ಕೆ ಸೇರಿ ಇನ್ನೂ ವಾರ ತುಂಬಿರಲಿಲ್ಲ. ಶನಿವಾರ ಬೆಳಿಗ್ಗೆ ಬಾಗಿಲು ತೆರೆದ ಕೂಡಲೇ ನೀಲಿ ಓವರಾಲ್ ತೊಟ್ಟ, ಬಿಳಿ ಗಡ್ಡ ಶುರುವಾಗಿದ್ದ ಒಬ್ಬರು ನೇರ ನನ್ನ ಮೇಜಿನ ಹತ್ತಿರ ಬಂದು, ಮಕ್ಕಳ ಕಥೆಯ ಕಾರ್ಯಕ್ರಮದ ನೋಟಿಸಿನಲ್ಲಿ ಎರಡು ತಪ್ಪಿವೆ ಎಂದು ಇಂಗ್ಲಿಷಿನಲ್ಲಿ ಹೇಳಿದರು. ಒಂದು ಅಪಾಸ್ಟ್ರಫಿ ಇರಬಾರದ ಕಡೆ ಕೂತಿತ್ತು. 'ಅಕಾಮಡೇಟ್' ಪದಕ್ಕೆ ಎರಡು ಎಮ್ ಬೇಕಿತ್ತು, ಒಂದೇ ಇತ್ತು. ಆ ನೋಟಿಸನ್ನು ಹಿಂದಿನ ದಿನ ನಾನೇ ಟೈಪ್ ಮಾಡಿದ್ದು. ನಾಚಿಕೆಯಿಂದ ಅವರ ಕಾರ್ಡು ತೆಗೆದುಕೊಂಡು ನೋಡಿದೆ: ಮೆಹಬೂಬ್ ನದಾಫ್.

"ನೀವು ಕರ್ನಾಟಕದವರಾ?" ಎಂದು ಕನ್ನಡದಲ್ಲೇ ಕೇಳಿಬಿಟ್ಟೆ.

ಅವರು ನನ್ನ ಮುಖವನ್ನು ಒಂದು ಗಳಿಗೆ ದಿಟ್ಟಿಸಿ ನೋಡಿ, "ಗದಗಿನಾವ್ರಿ! ನೀವ್ಯಾವೂರವ್ರು?" ಎಂದರು. ಅಕ್ಕಪಕ್ಕ ಓದುತ್ತಿದ್ದ ಇಬ್ಬರು ಅಜ್ಜಿಯರು ತಲೆಯೆತ್ತಿ ನೋಡುವಷ್ಟು ದೊಡ್ಡ ದನಿ. ಉತ್ತರ ಕರ್ನಾಟಕದವರು ಹೀಗೇ ಜೋರು ಎಂದುಕೊಂಡು ಸುಮ್ಮನಾದೆ. ಮೈಸೂರಿನವಳಾದ ನನಗೆ ಅದಕ್ಕಿಂತ ಹೆಚ್ಚಿನದೇನೂ ಹೊಳೆಯಲಿಲ್ಲ.

ನಾನು ಯಾಮಿನಿ. ಇಲ್ಲಿಗೆ ಓದಲು ಬಂದವಳು, ಓದು ಮುಗಿಸಿ ಇಲ್ಲೇ ಉಳಿದವಳು. ಅಂದಿನಿಂದ ಪ್ರತಿ ಶನಿವಾರ ಮೆಹಬೂಬ್ ಅವರ ಜೊತೆ ಹತ್ತು ನಿಮಿಷ ಕನ್ನಡ ಮಾತಾಡುವುದು ರೂಢಿಯಾಯಿತು. ಅವರ ಕಥೆ ನನಗೆ ಗೊತ್ತಾದದ್ದು ಹಾಗೆ, ಹತ್ತು ಹತ್ತು ನಿಮಿಷದ ತುಂಡುಗಳಲ್ಲಿ.

ಅವರ ತಂದೆ ಗದಗ-ಬೆಟಗೇರಿಯಲ್ಲಿ ಮನೆಮನೆಗೆ ಹೋಗಿ ಗಾದಿಯ ಹತ್ತಿ ಹಿಂಜುತ್ತಿದ್ದರು. ಮೆಹಬೂಬ್ ಎಸ್ಸೆಸ್ಸೆಲ್ಸಿ ಮುಗಿಸಿ, ಹದಿನಾರನೇ ವಯಸ್ಸಿಗೆ ಒಂದು ಮುದ್ರಣಾಲಯದಲ್ಲಿ ಅಚ್ಚುಮೊಳೆ ಜೋಡಿಸುವ ಕೆಲಸಕ್ಕೆ ಸೇರಿದರು. ಕಲಿತದ್ದು ಕನ್ನಡ ಶಾಲೆಯಲ್ಲಿ. ಆದರೆ ಆ ಮುದ್ರಣಾಲಯಕ್ಕೆ ಕಾಲೇಜಿನ ಪ್ರಶ್ನೆಪತ್ರಿಕೆ, ಕೋರ್ಟಿನ ನೋಟಿಸು, ಬ್ಯಾಂಕಿನ ವಾರ್ಷಿಕ ವರದಿ ಎಲ್ಲ ಇಂಗ್ಲಿಷಿನಲ್ಲಿ ಬರುತ್ತಿದ್ದವು. ಸೀಸದ ಅಕ್ಷರಗಳನ್ನು ಒಂದೊಂದಾಗಿ ಹೆಕ್ಕಿ, ಉಲ್ಟಾ ಓದಿ, ಸಾಲು ಕೂಡಿಸಬೇಕು. ಒಂದು ಅಕ್ಷರ ತಪ್ಪಿದರೆ ಮಾಲೀಕರು ಇಡೀ ಸಾಲು ಬಿಚ್ಚಿಸುತ್ತಿದ್ದರು. "ನನಗ ಇಂಗ್ಲಿಷ್ ಮೊದಲ ಬಟ್ಟಿಗೆ ಬಂತ್ರಿ, ಆಮ್ಯಾಲೆ ಬಾಯಿಗೆ ಬಂತು," ಎಂದು ಬೆರಳು ಆಡಿಸಿ ತೋರಿಸುತ್ತಿದ್ದರು. ಹದಿನೇಳು ವರ್ಷ ಆ ಕೆಲಸ. ಕೊನೆಯ ಆರು ವರ್ಷ ಇಂಗ್ಲಿಷ್ ಪ್ರೂಫ್ ತಿದ್ದುವುದೂ ಅವರ ಪಾಲಿಗೇ. ಆಮೇಲೆ ಆಫ್‌ಸೆಟ್ ಬಂತು, ಕಂಪ್ಯೂಟರ್ ಬಂತು, ಸೀಸದ ಮೊಳೆಗಳನ್ನು ತೂಕಕ್ಕೆ ಹಾಕಿದರು.

ಹೆಂಡತಿ ಅಜ್ರಾ ಧಾರವಾಡದವರು, ಬಿ.ಎಸ್ಸಿ. ಮಾಡಿ ಆಸ್ಪತ್ರೆಯ ಪ್ರಯೋಗಾಲಯದಲ್ಲಿ ರಕ್ತ ಪರೀಕ್ಷೆ ಮಾಡುತ್ತಿದ್ದವರು. ಅವರ ಓದಿನ ಮೇಲೆ ನ್ಯೂಜಿಲೆಂಡಿನ ವೀಸಾ ಬಂತು. ಜೊತೆಗೆ ಬರುವ ಗಂಡನಿಗೂ ಇಂಗ್ಲಿಷ್ ಬರುತ್ತದೆಂದು ತೋರಿಸಬೇಕಿತ್ತು. ಮೆಹಬೂಬ್ ತೊಂಬತ್ತೇಳರಲ್ಲಿ ಬೆಂಗಳೂರಿಗೆ ಹೋಗಿ ಪರೀಕ್ಷೆ ಬರೆದು ಪಾಸಾಗಿ ಬಂದರು. ಮುಂದಿನ ವರ್ಷ ಫೆಬ್ರವರಿಯಲ್ಲಿ, ಆರು ವರ್ಷದ ಮಗಳು ಉಮೈರಾಳ ಜೊತೆ ಕ್ರೈಸ್ಟ್‌ಚರ್ಚಿನಲ್ಲಿ ಇಳಿದರು. ಅಜ್ರಾಗೆ ಆರು ತಿಂಗಳಲ್ಲಿ ಲ್ಯಾಬಿನ ಕೆಲಸ ಸಿಕ್ಕಿತು. ಮೊಳೆ ಜೋಡಿಸುವವರನ್ನು ಇಲ್ಲಿ ಯಾರೂ ಹುಡುಕುತ್ತಿರಲಿಲ್ಲ. ಮೆಹಬೂಬ್ ಹಾರ್ನ್‌ಬಿಯ ಒಂದು ತಗಡಿನ ಕಾರ್ಖಾನೆ ಸೇರಿದರು. ಛಾವಣಿಯ ತಗಡಿಗೆ ತೂತು ಹೊಡೆಯುವ, ಅಂಚು ಮಡಚುವ ಯಂತ್ರಗಳ ನಡುವೆ ದಿನಕ್ಕೆ ಎಂಟು ತಾಸು.

ಯಂತ್ರದ ಪಕ್ಕ ಮೊಳೆಗೆ ಕಿವಿಮುಚ್ಚುಗಗಳನ್ನು ನೇತುಹಾಕಿದ್ದರಂತೆ. ಮೂವರು ಕೆಲಸಗಾರರಿಗೆ ಎರಡು ಜೊತೆ. ಅದರಲ್ಲಿ ಒಂದರ ಸ್ಪಂಜು ಕಿತ್ತುಹೋಗಿತ್ತು. ಹೊಸಬರಾದ ಮೆಹಬೂಬ್ ಹತ್ತಿ ತುರುಕಿಕೊಂಡು ಕೆಲಸ ಮಾಡಿದರು. ಎಲ್ಲರಿಗೂ ಒಂದೊಂದು ಜೊತೆ ಸಿಕ್ಕಿದ್ದು ಮೂರು ವರ್ಷದ ಮೇಲೆ.

ಅಜ್ರಾ ಮತ್ತು ಉಮೈರಾ ಎರಡು ಸಾವಿರದ ಎರಡರಲ್ಲೇ ಇಲ್ಲಿನ ಪೌರರಾದರು. ಮೆಹಬೂಬ್ ಮಾತ್ರ ಭಾರತದ ಪಾಸ್‌ಪೋರ್ಟ್ ಬಿಡಲಿಲ್ಲ. ಗದಗಿನಲ್ಲಿ ತಾಯಿ ಹಾಸಿಗೆ ಹಿಡಿದಿದ್ದರು. ಯಾವ ಕ್ಷಣದಲ್ಲಾದರೂ ಹೊರಡಬೇಕಾಗಬಹುದು, ಆಗ ಯಾರ ವೀಸಾಕ್ಕೂ ಕಾಯುವಂತಿರಬಾರದು. ತಾಯಿ ಎರಡು ಸಾವಿರದ ಐದರಲ್ಲಿ ತೀರಿಕೊಂಡರು. ಅದಾದ ಮೇಲೆ ಅವರು ಅರ್ಜಿ ಹಾಕುವ ಮನಸ್ಸು ಮಾಡಿದ್ದು ಎರಡು ಸಾವಿರದ ಏಳರ ಆರಂಭದಲ್ಲಿ. ಅರ್ಜಿಯನ್ನು ಗ್ರಂಥಾಲಯದ ಮೇಜಿನ ಮೇಲೆಯೇ ತುಂಬಿದರು. ನಾನು ನೋಡಿದ್ದೇನೆ. ಅಚ್ಚು ಹಾಕಿದ ಹಾಗಿತ್ತು. ಇಂಗ್ಲಿಷ್ ಬರುತ್ತದೆಯೇ ಎಂಬ ಪ್ರಶ್ನೆಯ ಎದುರು ಹೌದು ಎಂದು ಗುರುತು ಹಾಕುವಾಗ ತಮಾಷೆ ಮಾಡಿದರು: "ಇದನ್ನ ಓದಿ ತುಂಬೇನಿ ಅಂದ ಮ್ಯಾಲೆ ಬರತೈತಿ ಅಂತನ ಅಲ್ರಿ ಅರ್ಥ?"

ಜೂನ್ ತಿಂಗಳ ಒಂದು ಮಂಗಳವಾರ ಹತ್ತು ಗಂಟೆಗೆ, ಕಾರ್ಖಾನೆಯಲ್ಲಿ ಚಹಾದ ಬಿಡುವಿನಲ್ಲಿ, ಅವರ ಮೊಬೈಲಿಗೆ ಪೌರತ್ವದ ಕಚೇರಿಯಿಂದ ಕರೆ ಬಂತು. ಒಬ್ಬ ಹೆಂಗಸು. ಕೆಲವು ವಿವರ ಖಚಿತಪಡಿಸಿಕೊಳ್ಳಬೇಕು ಎಂದಳು. ಮೆಹಬೂಬ್ "ಸಾರಿ?" ಎಂದರು. ಅವಳು ಮತ್ತೆ ಹೇಳಿದಳು. ಮತ್ತೆ "ಸಾರಿ?" ಎಂದರು. ಕಿಟಕಿಯ ಹತ್ತಿರ ಹೋದರು, ಅಂಗಳಕ್ಕೆ ಹೋದರು, ನಿಂತಿದ್ದ ಒಂದು ಪಿಕಪ್ ಗಾಡಿಯೊಳಗೆ ಕೂತು ಬಾಗಿಲು ಹಾಕಿಕೊಂಡರು. ದನಿ ಕೇಳುತ್ತಿತ್ತು, ಮಾತು ಕೈಗೆ ಸಿಗುತ್ತಿರಲಿಲ್ಲ. ಹುಟ್ಟಿದ ಸ್ಥಳ ಯಾವುದು ಎಂದು ಅವಳು ಕೇಳಿದ್ದು ಅವರ ಕಿವಿಗೆ ಕೆಲಸದ ಸ್ಥಳ ಯಾವುದು ಎಂದು ಬಿತ್ತು. ಇಂಗ್ಲಿಷಿನ 'ಬರ್ತ್' ಮತ್ತು 'ವರ್ಕ್' ಪದಗಳ ಕೊನೆ ಅಳಿಸಿಹೋದರೆ ಉಳಿಯುವ ದನಿ ಹೆಚ್ಚುಕಡಿಮೆ ಒಂದೇ. ಅವರು ಸಾವಧಾನವಾಗಿ ಉತ್ತರಿಸಿದರು: "ಹಾರ್ನ್‌ಬಿಯ ತಗಡಿನ ಕಾರ್ಖಾನೆ."

ಆಮೇಲೆ ಅವಳು ಒಂದೊಂದೇ ಪದವನ್ನು ಬಿಡಿಸಿ, ಗಟ್ಟಿಯಾಗಿ, ಮಗುವಿಗೆ ಹೇಳುವಂತೆ ಹೇಳಿದಳು. ಇದು ಮಾತ್ರ ಅವರಿಗೆ ಸ್ಪಷ್ಟವಾಗಿ ಕೇಳಿಸಿತು:

"ಅಲ್ಲಿ ಇಂಗ್ಲಿಷ್ ಮಾತಾಡುವವರು ಯಾರಾದರೂ ಇದ್ದಾರೆಯೇ?"

"ನಾನೇ ಇಂಗ್ಲಿಷಿನಲ್ಲಿ ಮಾತಾಡುತ್ತಿದ್ದೇನೆ," ಎಂದರು ಮೆಹಬೂಬ್.

ಅವಳು ಧನ್ಯವಾದ ಹೇಳಿ ಫೋನ್ ಇಟ್ಟಳು. ಒಟ್ಟು ಏಳು ನಿಮಿಷದ ಕರೆ.

ಮೂರು ವಾರಕ್ಕೆ ಪತ್ರ ಬಂತು. ಶನಿವಾರ ಅದನ್ನು ತಂದು ನನ್ನ ಮೇಜಿನ ಮೇಲೆ ಹರಡಿದರು. ಅರ್ಜಿದಾರರಿಗೆ ಇಂಗ್ಲಿಷ್ ಭಾಷೆಯ ಸಾಕಷ್ಟು ತಿಳಿವಳಿಕೆ ಇದೆ ಎಂಬುದು ಖಾತ್ರಿಯಾಗಿಲ್ಲ. ಮಾನ್ಯತೆ ಪಡೆದ ಪರೀಕ್ಷೆಯ ಇತ್ತೀಚಿನ ಫಲಿತಾಂಶ ಸಲ್ಲಿಸಬೇಕು, ಇಲ್ಲವೇ ಆರಂಭಿಕ ಇಂಗ್ಲಿಷ್ ತರಗತಿ ಪೂರೈಸಿದ ಪತ್ರ ತರಬೇಕು. ಆರು ತಿಂಗಳೊಳಗೆ ಎರಡೂ ಬರದಿದ್ದರೆ ಅರ್ಜಿ ತಿರಸ್ಕೃತವಾಗಬಹುದು.

"ಇಲ್ಲಿ ನೋಡ್ರಿ," ಎಂದು ಬೆರಳಿಟ್ಟರು. 'ಸಾಕಷ್ಟು' ಎಂಬರ್ಥದ 'ಸಫಿಶಿಯೆಂಟ್' ಪದದಲ್ಲಿ ಒಂದು ಎಫ್ ಕಡಿಮೆ ಇತ್ತು. ಮೆಹಬೂಬ್ ಅಲ್ಲಿ ಕೆಂಪು ಶಾಯಿಯಲ್ಲಿ, ಪ್ರೂಫ್ ತಿದ್ದುವವರ ರೀತಿಯಲ್ಲಿ, ಗೀಟು ಹಾಕಿ ಅಂಚಿಗೆ ಅಕ್ಷರ ಬರೆದಿದ್ದರು. ನಾನು ನಕ್ಕೆ. ಅವರು ನಗಲಿಲ್ಲ.

"ಒಂಬತ್ತು ವರ್ಷ ಆತ್ರಿ ಈ ದೇಶಕ್ಕ ಬಂದು. ಕಾರ್ಖಾನ್ಯಾಗ ಯಾರಿಗರ ಪೆಟ್ಟಾದ್ರ ಅದರ ರಿಪೋರ್ಟ್ ಯಾರು ಬರೀತಾರ? ನಾನು! ನಮ್ಮ ಫೋರ್‌ಮನ್ ಟ್ರೆವರ್‌ಗೆ ಸ್ಪೆಲ್ಲಿಂಗ್ ಬರೂದಿಲ್ಲ, ನನ್ನ ಕಡೆ ಬರಸ್ತಾನ. ಈಗ ನಾ ಹೋಗಿ ಎ, ಬಿ, ಸಿ ಕಲೀಬೇಕೇನು?"

"ನೀವು ಬೆಂಗಳೂರಲ್ಲಿ ಬರೆದ ಪರೀಕ್ಷೆ ಇದ್ಯಲ್ಲ, ಅದನ್ನೇ ಕಳಿಸೋಣ," ಎಂದೆ.

ಕಳಿಸಿದೆವು. ಅದು ಎರಡು ವರ್ಷಕ್ಕಿಂತ ಹಳೆಯದು, ಪರಿಗಣಿಸಲು ಬರುವುದಿಲ್ಲ ಎಂಬ ಉತ್ತರ ಬಂತು. ನನಗೆ ರೇಗಿಹೋಯಿತು. ಇಂಗ್ಲಿಷೇನು ಅಂಗಡಿಯ ಹಾಲೇ, ಡಬ್ಬದ ಮೇಲೆ ದಿನಾಂಕ ಮುಗಿದರೆ ಕೆಡುವುದಕ್ಕೆ? ಅದೂ ಒಂಬತ್ತು ವರ್ಷ ಇಂಗ್ಲಿಷ್ ದೇಶದಲ್ಲೇ ಬದುಕಿದವರ ಇಂಗ್ಲಿಷು? ಎದುರಿಗೆ ಕೂರಿಸಿಕೊಂಡು ಮಾತಾಡಿ ನೋಡಿ ಎಂದು ನಾನೇ ಕಚೇರಿಗೆ ಫೋನ್ ಮಾಡಿ ಕೇಳಿದೆ. ಮೊದಲು ಪರೀಕ್ಷೆಯ ಫಲಿತಾಂಶ ಬರಲಿ ಎಂದರು.

ಅಕ್ಟೋಬರಿನಲ್ಲಿ ಪರೀಕ್ಷೆ ಬರೆದರು. ಐವತ್ತರ ಹತ್ತಿರದ ಮನುಷ್ಯ, ಕಾಲೇಜು ಸೇರಲು ಹೊರಟ ಹುಡುಗ ಹುಡುಗಿಯರ ನಡುವೆ, ನಂಬರ್ ಅಂಟಿಸಿದ ಬೆಂಚಿನಲ್ಲಿ ಕೂತು. ದೊಡ್ಡ ಹಾಲ್. ಕೇಳಿ ಉತ್ತರಿಸುವ ಭಾಗಕ್ಕೆ ಮುಂದುಗಡೆ ಒಂದು ಸ್ಪೀಕರ್ ಇಟ್ಟಿದ್ದರು. ಮೆಹಬೂಬ್ ಅವರ ಜಾಗ ಹಿಂದಿನಿಂದ ಎರಡನೇ ಸಾಲು. ಹೊರಗೆ ನಾರ್ವೆಸ್ಟ್ ಎಂದು ಇಲ್ಲಿನವರು ಕರೆಯುವ ವಾಯವ್ಯದ ಬಿರುಗಾಳಿ ಬೀಸುತ್ತಿತ್ತು, ಕಿಟಕಿಗಳು ಕಟಕಟ ಅನ್ನುತ್ತಿದ್ದವು. ಧ್ವನಿಮುದ್ರಣ ಒಂದೇ ಸಲ ಓಡುತ್ತದೆ, ಹಿಂದಕ್ಕೆ ಬರುವುದಿಲ್ಲ.

ಫಲಿತಾಂಶ ಬಂದ ವಾರದ ಭಾನುವಾರ ಮಧ್ಯಾಹ್ನದ ಊಟಕ್ಕೆ ನನ್ನನ್ನು ಕರೆದಿದ್ದರು. ಊಟಕ್ಕೆ ಮೊದಲೇ ಆ ಹಾಳೆ ಮೇಜಿನ ಮೇಲಿತ್ತು. ಒಂಬತ್ತು ಅಂಕಕ್ಕೆ ಓದುವುದರಲ್ಲಿ ಎಂಟೂವರೆ, ಬರೆಯುವುದರಲ್ಲಿ ಏಳು, ಮಾತಾಡುವುದರಲ್ಲಿ ಏಳು. ಕೇಳುವುದರಲ್ಲಿ ಮೂರು.

ಮೆಹಬೂಬ್ ಮುಖ ಕಪ್ಪಿಟ್ಟಿತ್ತು. "ಟೇಪ್ ಸರಿ ಇರಲಿಲ್ಲ," ಎಂದರು. ಮತ್ತೆ, "ಇವರ ಉಚ್ಚಾರ ಹಂಗ, ಗಂಟಲಾಗ ನುಂಗಿ ಮಾತಾಡ್ತಾರ," ಎಂದರು.

ಉಮೈರಾಗೆ ಆಗ ಹದಿನೈದು ತುಂಬಿತ್ತು. ಕನ್ನಡ, ಮನೆಯ ದಖನಿ ಉರ್ದು ಎರಡೂ ತಿಳಿಯುತ್ತವೆ, ಬಾಯಿ ತೆರೆದರೆ ಇಂಗ್ಲಿಷೇ. "ಡ್ಯಾಡ್ ನೆವರ್ ಲಿಸನ್ಸ್, ಆಂಟಿ," ಎಂದಳು ನನ್ನ ಕಡೆ ತಿರುಗಿ. "ಮನೇಲೂ ಹಾಗೇ. ನಾನೇನಾದ್ರೂ ಹೇಳಿದ್ರೆ ಸುಮ್ಮನೆ ತಲೆ ಆಡಿಸ್ತಾರೆ," ಎಂಬರ್ಥದ ಮಾತನ್ನು ಇಂಗ್ಲಿಷಿನಲ್ಲಿ ಸೇರಿಸಿದಳು.

ಅಜ್ರಾ ಒಳಗೆ ಹೋಗಿ ಕಪಾಟಿನಿಂದ ಬೆಂಗಳೂರಿನ ಹಳೆಯ ಫಲಿತಾಂಶ ತಂದು ಹೊಸದರ ಪಕ್ಕ ಇಟ್ಟರು. ದಿನವಿಡೀ ರಕ್ತದ ವರದಿ ನೋಡುವ ಹೆಂಗಸು. ಯಾವ ಅಂಕಿ ಎಲ್ಲಿರಬೇಕು, ಎಲ್ಲಿ ಜಾರಿದೆ ಎಂದು ನೋಡುವುದೇ ಅವರ ಕಸುಬು. ತೊಂಬತ್ತೇಳರಲ್ಲಿ ಕೇಳುವುದರಲ್ಲಿ ಆರೂವರೆ. ಉಳಿದ ಮೂರೂ ಈಗಿನದಕ್ಕಿಂತ ಕಡಿಮೆ.

"ಮೂರು ಏರ್ಯಾವ, ಒಂದ ಇಳದೈತಿ," ಎಂದರು ನಿಧಾನವಾಗಿ. "ಇದು ಭಾಷಾದ ರಿಪೋರ್ಟ್ ಅಲ್ಲ ಯಾಮಿನಿ."

ಮೆಹಬೂಬ್ ಎದ್ದು ನೀರು ತರಲು ಅಡುಗೆಮನೆಗೆ ಹೋದರು. ನಲ್ಲಿಯ ಕಡೆ ಮುಖ ಮಾಡಿ ನಿಂತಿದ್ದರು. ಅಜ್ರಾ ಅವರ ಹಿಂದೆ ನಾಲ್ಕು ಹೆಜ್ಜೆ ದೂರದಲ್ಲಿ ನಿಂತು, ನಮಗೆಲ್ಲ ಚೆನ್ನಾಗಿ ಕೇಳುವ ಸಣ್ಣ ದನಿಯಲ್ಲಿ ಕನ್ನಡದಲ್ಲೇ ಹೇಳಿದರು: "ಮೆಹಬೂಬ್, ಮನಿಗೆ ಬೆಂಕಿ ಹತ್ತೇತಿ ನೋಡ್ರಿ."

ಅವರು ಲೋಟ ತುಂಬಿಸಿಕೊಂಡರು, ನೀರು ಕುಡಿದರು, ಇನ್ನೊಂದು ಲೋಟ ತುಂಬಿಸಿದರು.

"ಮೆಹಬೂಬ್, ಉಮೈರಾ ಬಿದ್ದಾಳ."

ತಿರುಗಲಿಲ್ಲ. ಲೋಟ ಹಿಡಿದು ಈಚೆ ಬಂದಾಗ ನಾವು ಮೂವರೂ ಅವರನ್ನೇ ನೋಡುತ್ತಿದ್ದೆವು. "ಏನಾತು?" ಎಂದರು. ಉಮೈರಾ ಎದ್ದು ಹೋಗಿ ಅಪ್ಪನ ಎದೆಗೆ ಹಣೆ ಒತ್ತಿ ನಿಂತುಬಿಟ್ಟಳು. "ಇಷ್ಟು ದಿನ ಬೇಕಂತಲೇ ಹೀಗೆ ಮಾಡ್ತಾರೆ ಅಂದ್ಕೊಂಡಿದ್ದೆ," ಎಂದು ಇಂಗ್ಲಿಷಿನಲ್ಲಿ ಅವಳು ಹೇಳಿದ್ದು ಅವರಿಗೆ ಕೇಳಿಸಿರಲಾರದು. ಅವಳ ಮುಖ ಅವರಿಗೆ ಕಾಣುತ್ತಿರಲಿಲ್ಲ.

ನನಗೂ ಆಗ ಹೊಳೆಯಿತು. ಅವರು ಯಾವಾಗಲೂ ನನ್ನ ತುಟಿಗಳನ್ನೇ ನೋಡುತ್ತಿದ್ದರು. ನಾಲ್ಕು ವರ್ಷ ಎದುರೆದುರು ನಿಂತು ಮಾತಾಡಿದ್ದೆ, ಒಮ್ಮೆಯೂ ಅನುಮಾನ ಬಂದಿರಲಿಲ್ಲ. ಅವರಿಗೂ ಬಂದಿರಲಿಲ್ಲ. ಬಂದಿದ್ದರೂ ಬಾಯಿಬಿಡುವ ಮನುಷ್ಯ ಅವರಲ್ಲ.

ನವೆಂಬರಿನಲ್ಲಿ ಕಿವಿಯ ಪರೀಕ್ಷೆ ಆಯಿತು. ಪರೀಕ್ಷಿಸಿದ ಹೆಂಗಸು ಒಂದು ನಕ್ಷೆ ತೋರಿಸಿದಳು. ದಪ್ಪ ದನಿಗಳ ಕಡೆ ಗೆರೆ ಸರಿಯಾಗಿಯೇ ಇತ್ತು. ತೆಳು ದನಿಗಳ ಕಡೆ ಬಂದಾಗ ಬಾವಿಗೆ ಇಳಿದ ಹಾಗೆ ಕೆಳಕ್ಕೆ ಬಿದ್ದಿತ್ತು. ಎಸ್, ಎಫ್, ಟಿ, ಕೆ, ಇಂಥವೆಲ್ಲ ಆ ಬಾವಿಯೊಳಗೆ. ಫೋನಿನಲ್ಲಿ, ಸ್ಪೀಕರಿನಲ್ಲಿ ಇನ್ನೂ ಕಷ್ಟ, ತುಟಿ ಕಾಣುವುದಿಲ್ಲವಲ್ಲ ಎಂದಳು. ಏನು ಕೆಲಸ ಮಾಡುತ್ತೀರಿ ಎಂದು ಕೇಳಿ, ಉತ್ತರ ಕೇಳುವ ಮೊದಲೇ ತಲೆಯಾಡಿಸಿದಳಂತೆ. ವರ್ಷಾನುಗಟ್ಟಲೆ ಯಂತ್ರದ ಸದ್ದಿಗೆ ಕಿವಿ ಕೊಟ್ಟವರ ನಕ್ಷೆ ಹೀಗೇ ಇರುತ್ತದೆ.

ಮರುದಿನ ಮೆಹಬೂಬ್ ಆ ನಕ್ಷೆಯನ್ನು ಕಾರ್ಖಾನೆಗೆ ತೆಗೆದುಕೊಂಡು ಹೋಗಿ ಟ್ರೆವರ್‌ಗೆ ತೋರಿಸಿದರು. ಟ್ರೆವರ್ ಕೆಟ್ಟವನಲ್ಲ. ಮೂವತ್ತು ವರ್ಷದಿಂದ ಅಲ್ಲೇ ಇದ್ದವನು. ನಕ್ಷೆ ನೋಡಿ, "ಅಯ್ಯೋ, ಇಲ್ಲಿ ನಾವೆಲ್ಲ ಕಿವುಡರೇ, ಮೇಟ್," ಎಂದು ಬೆನ್ನು ತಟ್ಟಿದ. ಅಷ್ಟರಲ್ಲಿ ಅವನ ಮೇಜಿನ ಫೋನ್ ಹೊಡೆದುಕೊಂಡಿತು. ಎತ್ತಿಕೊಂಡು, "ಏನು? ಏನಂದೆ? ಜೋರಾಗಿ ಮಾತಾಡು!" ಎಂದು ಕಿರುಚತೊಡಗಿದ.

ಶನಿವಾರ ನನಗೆ ಇದನ್ನು ಹೇಳುವಾಗ ಮೆಹಬೂಬ್ ಮೇಜು ಗುದ್ದಿದರು. ಗ್ರಂಥಾಲಯ ಎಂಬುದು ಅವರಿಗೆ ಮರೆತೇಹೋಗಿತ್ತು.

"ಅವಂಗೂ ಕೇಳೂದಿಲ್ರಿ! ದಿನಾ ಫೋನ್‌ನಾಗ 'ವಾಟ್, ವಾಟ್' ಅಂತ ಒದರ್ತಾನ. ಅವನಿಗ್ಯಾರರ ಇಂಗ್ಲಿಷ್ ಬರ್ತದೇನಪಾ ಅಂತ ಕೇಳ್ಯಾರೇನ್ರಿ? ಅವನು 'ವಾಟ್' ಅಂದ್ರ ಪಾಪ, ಕಿವಿ ಮಂದ. ನಾ 'ಸಾರಿ' ಅಂದ್ರ ಭಾಷಾ ಬರೂದಿಲ್ಲ! ಒಂದ ಕಾರ್ಖಾನಿ, ಒಂದ ಮಷಿನ್, ಒಂದ ರೋಗ. ಹೆಸರಷ್ಟ ಬ್ಯಾರೆ."

ನನ್ನ ಸಹೋದ್ಯೋಗಿ ಎದ್ದು ಬಂದು ಸ್ವಲ್ಪ ಮೆಲ್ಲಗೆ ಮಾತಾಡಿ ಎಂದು ಸನ್ನೆ ಮಾಡಿದಾಗ, ಜೀವನದಲ್ಲಿ ಮೊದಲ ಸಲ ಗ್ರಂಥಾಲಯದಲ್ಲಿ ಜೋರು ಮಾತಾಡುವವರ ಪರವಾಗಿ ಜಗಳವಾಡಿದೆ.

ಕಿವಿಯ ವರದಿ, ಎರಡೂ ಪರೀಕ್ಷೆಗಳ ಫಲಿತಾಂಶ, ಜೊತೆಗೆ ಮೆಹಬೂಬ್ ಅವರೇ ಬರೆದ ಎರಡು ಪುಟದ ಪತ್ರ ಕಳಿಸಿದ್ದಾಯಿತು. ಆ ಪತ್ರದಲ್ಲಿ ನಾನು ಒಂದು ಅಲ್ಪವಿರಾಮವನ್ನೂ ಮುಟ್ಟಲಿಲ್ಲ, ಮುಟ್ಟುವ ಅಗತ್ಯವಿರಲಿಲ್ಲ. ನಾಲ್ಕು ತಿಂಗಳ ಮೇಲೆ, ಎರಡು ಸಾವಿರದ ಎಂಟರ ಮಾರ್ಚಿನಲ್ಲಿ, ಖುದ್ದು ಸಂದರ್ಶನಕ್ಕೆ ಕರೆದರು. ಜೊತೆಗೆ ಒಬ್ಬರು ಬರಬಹುದು ಎಂದಿತ್ತು. ಅಜ್ರಾ ಬರುತ್ತೇನೆಂದರು. "ಬ್ಯಾಡ, ಹೆಂಡ್ತಿ ಮಾತಾಡಿ ಕೊಟ್ಲು ಅಂತಾರ," ಎಂದು ಮೆಹಬೂಬ್ ನನ್ನನ್ನು ಕರೆದುಕೊಂಡು ಹೋದರು. ಹೊಸ ಬೂದು ಕೋಟು ಹಾಕಿಕೊಂಡಿದ್ದರು. ಕಿವಿಗೆ ಹಾಕುವ ಯಂತ್ರ ಇನ್ನೂ ಬಂದಿರಲಿಲ್ಲ.

ಅಧಿಕಾರಿ ಮೂವತ್ತು ದಾಟದ ಒಬ್ಬ ಯುವಕ. ನಗುಮುಖದವನೇ. ಆದರೆ ಕೂತ ಕೂಡಲೇ ಕಡತದ ಕಡೆ ತಲೆ ಬಗ್ಗಿಸಿ, ಹಾಳೆಗಳಿಗೆ ಹೇಳುವಂತೆ ಪ್ರಶ್ನೆ ಕೇಳತೊಡಗಿದ.

ಮೆಹಬೂಬ್ ಕೈಯೆತ್ತಿ ತಡೆದರು. ಇಂಗ್ಲಿಷಿನಲ್ಲಿ, ತಡವರಿಸದೆ ಹೇಳಿದರು: "ದಯವಿಟ್ಟು ಮಾತಾಡುವಾಗ ನನ್ನ ಮುಖ ನೋಡಿ. ನನಗೆ ಕಿವಿ ಕೇಳುವುದಿಲ್ಲ. ಅದನ್ನು ಪತ್ರದಲ್ಲಿ ಬರೆದಿದ್ದೇನೆ. ನೀವು ಓದಿದ್ದೀರಿ ಅಂದುಕೊಂಡಿದ್ದೇನೆ."

ಅವನು ಕೆಂಪಗಾಗಿ ತಲೆಯೆತ್ತಿದ. ಆಮೇಲೆ ಎಲ್ಲವೂ ಸುಸೂತ್ರವಾಗಿ ನಡೆಯಿತು. ಎಲ್ಲಿ ಹುಟ್ಟಿದಿರಿ, ಏನು ಓದಿದಿರಿ, ಇಲ್ಲಿನ ಪೌರರ ಹಕ್ಕು ಯಾವುವು, ಕರ್ತವ್ಯ ಯಾವುವು. ಹುಟ್ಟಿದ ಊರಿನ ಪ್ರಶ್ನೆ ಬಂದಾಗ ಯುವಕ ಕಡತವನ್ನು ಇಣುಕಿ ಸಣ್ಣಗೆ ನಕ್ಕ. "ನೀವು ಕಾರ್ಖಾನೆಯಲ್ಲಿ ಹುಟ್ಟಿದ್ದು ಅಂತ ಇದರಲ್ಲಿದೆ," ಎಂದ. ಅವನಿಗೆ ಅದು ತಮಾಷೆಯಾಗಿ ಕಂಡಿತು. ಮೆಹಬೂಬ್ ನಗದೆ ಅವನನ್ನೇ ನೋಡಿದರು. ನಗು ನಿಂತಿತು.

"ಕಿವಿಯ ತೊಂದರೆ ಇದೆ ಎಂದು ನೀವು ಆವತ್ತೇ ಹೇಳಬೇಕಿತ್ತು," ಎಂದ ಅವನು.

"ಆವತ್ತು ನನಗೇ ಗೊತ್ತಿರಲಿಲ್ಲ. ಫೋನ್ ಮಾಡಿದ ಅವರು, ನಾನು ಹೇಳುವುದು ಕೇಳಿಸುತ್ತಿದೆಯೇ ಎಂದು ಒಂದು ಸಲ ಕೇಳಿದ್ದರೆ ಸಾಕಿತ್ತು. ಅವರು ಕೇಳಿದ್ದು, ಇಂಗ್ಲಿಷ್ ಬರುವವರು ಯಾರಾದರೂ ಇದ್ದಾರೆಯೇ ಎಂದು."

"ನಾವು ಎಲ್ಲರನ್ನೂ ಒಂದೇ ರೀತಿ ನೋಡುತ್ತೇವೆ, ಮಿಸ್ಟರ್ ನದಾಫ್."

"ಹಾಗಿದ್ದರೆ ನನ್ನ ಫೋರ್‌ಮನ್‌ಗೆ ಫೋನ್ ಮಾಡಿ," ಎಂದರು ಮೆಹಬೂಬ್. "ನಂಬರ್ ಕೊಡುತ್ತೇನೆ. ಅವರು ಇಲ್ಲೇ ಹುಟ್ಟಿದವರು. ಏಳು ನಿಮಿಷ ಮಾತಾಡಿ, ಆಮೇಲೆ ಅವರಿಗೆ ಇಂಗ್ಲಿಷ್ ಬರುತ್ತದೋ ಇಲ್ಲವೋ ಬರೆಯಿರಿ."

ಯುವಕ ಪೆನ್ನು ಕೆಳಗಿಟ್ಟ. ನಾನು ನನ್ನ ಕೈಗಳನ್ನು ನೋಡುತ್ತ ಕೂತೆ, ತಲೆಯೆತ್ತಿದ್ದರೆ ಏನಾದರೂ ಅಂದುಬಿಡುತ್ತಿದ್ದೆ. ಕೊನೆಗೆ ಅವನು, "ನಿಮ್ಮ ಇಂಗ್ಲಿಷ್ ಬಹಳ ಚೆನ್ನಾಗಿದೆ," ಎಂದ. ಹೊಗಳುತ್ತಿದ್ದೇನೆ ಎಂದುಕೊಂಡಿದ್ದ.

ಜುಲೈನಲ್ಲಿ ಪೌರತ್ವ ಮಂಜೂರಾಯಿತು. ಹೆಚ್ಚುವರಿ ಮಾಹಿತಿ ದೊರೆತ ಕಾರಣ ಅರ್ಜಿ ಅಂಗೀಕೃತವಾಗಿದೆ ಎಂದು ಒಂದೂವರೆ ಸಾಲು. ತಪ್ಪಾಯಿತು ಎಂಬ ಮಾತು ಎಲ್ಲೂ ಇರಲಿಲ್ಲ. ಸೆಪ್ಟೆಂಬರಿನ ಸಮಾರಂಭಕ್ಕೆ ನಾನೂ ಹೋಗಿದ್ದೆ. ವೇದಿಕೆಯ ಮೇಲಿಂದ ಮೈಕಿನಲ್ಲಿ ಪ್ರತಿಜ್ಞೆಯ ಸಾಲುಗಳನ್ನು ಹೇಳಿಕೊಡುತ್ತಿದ್ದರು, ಸಭೆ ಅದನ್ನೇ ಮತ್ತೆ ಹೇಳುತ್ತಿತ್ತು. ಮೆಹಬೂಬ್‌ಗೆ ಕಿವಿಯ ಹೊಸ ಯಂತ್ರದಲ್ಲಿ ಮೈಕಿನ ದನಿ ಗುಂಯ್ ಎನ್ನುತ್ತಿತ್ತಂತೆ. ಅವರು ಅದನ್ನು ಬಾಯಿಪಾಠ ಮಾಡಿಕೊಂಡೇ ಬಂದಿದ್ದರು. ಎಲ್ಲರಿಗಿಂತ ಅರ್ಧ ಸಾಲು ಮುಂದೆ, ಗಟ್ಟಿಯಾಗಿ, ಒಬ್ಬರೇ ಹೇಳಿ ಮುಗಿಸಿದರು. ಮುಂದಿನ ಸಾಲಿನವರು ತಿರುಗಿ ನೋಡಿದರು. ಉಮೈರಾ ಯಾರ ಕಡೆಯೂ ನೋಡದೆ ಅಪ್ಪನ ತೋಳು ಹಿಡಿದುಕೊಂಡಳು.

ಎಲ್ಲರೂ ವಿಷಯ ಮುಗಿಯಿತು ಎಂದುಕೊಂಡರು. ಮೆಹಬೂಬ್ ಮಾತ್ರ ತಮ್ಮ ಕಡತದ ಪ್ರತಿ ಕೊಡಿ ಎಂದು ಅರ್ಜಿ ಹಾಕಿದರು. ಕೇಳಿದರೆ ಕೊಡಲೇಬೇಕು ಎಂಬ ಕಾನೂನು ಇಲ್ಲಿದೆ. ಬಂತು. ಅದರಲ್ಲಿ ಆ ಮಂಗಳವಾರದ ಟಿಪ್ಪಣಿ ಇತ್ತು: ಅರ್ಜಿದಾರರಿಗೆ ಸರಳ ಪ್ರಶ್ನೆಗಳೂ ಅರ್ಥವಾಗುವುದಿಲ್ಲ. ಇಂಗ್ಲಿಷ್ ಬರುವುದಿಲ್ಲ. ತಾನು ಕಾರ್ಖಾನೆಯಲ್ಲಿ ಹುಟ್ಟಿದ್ದಾಗಿ ಹೇಳುತ್ತಾರೆ.

ಅದನ್ನು ತಿದ್ದಿ ಎಂದು ಬರೆದರು. ಉತ್ತರ ಬರಲಿಲ್ಲ. ಮತ್ತೆ ಬರೆದರು. ನಿಮ್ಮ ಮನವಿ ಪರಿಶೀಲನೆಯಲ್ಲಿದೆ ಎಂದು ಬಂತು. ಅಜ್ರಾಗೆ ಬೇಸರವಾಗತೊಡಗಿತು. "ಪಾಸ್‌ಪೋರ್ಟ್ ಬಂತಲ್ಲ, ಬಿಡ್ರಿ ಇನ್ನ. ಯಾರ ನೋಡ್ತಾರ ಆ ಕಾಗದ?" ಎಂದರು ಒಂದು ಸಲ ನನ್ನೆದುರೇ.

"ಯಾರೂ ನೋಡೂದಿಲ್ಲಂತ ತಪ್ಪು ಬಿಡಾಕ ಬರತೈತೇನು?" ಎಂದರು ಅವರು. "ನಾ ಹದಿನೇಳು ವರ್ಷ ಯಾರೂ ಓದದ ವರದಿ ತಿದ್ದೇನಿ."

ಈ ನಡುವೆ ಕಾರ್ಖಾನೆಯಲ್ಲೂ ಅವರು ಸುಮ್ಮನೆ ಕೂರಲಿಲ್ಲ. ಮಡಚುವ ಯಂತ್ರದ ಮೇಲಿದ್ದ ನಾಲ್ವರನ್ನು ಒಬ್ಬೊಬ್ಬರನ್ನಾಗಿ ಕಿವಿಯ ಪರೀಕ್ಷೆಗೆ ಕರೆದುಕೊಂಡು ಹೋದರು. ಫಾರಂಗಳನ್ನು ತಾವೇ ತುಂಬಿದರು. ಮೂವರ ನಕ್ಷೆಯಲ್ಲಿ ಅದೇ ಬಾವಿ. ಕೊನೆಗೆ ಟ್ರೆವರ್ ಕೂಡ ಗೊಣಗುತ್ತ ಹೋಗಿಬಂದ. ಅವನದು ಎಲ್ಲರಿಗಿಂತ ಆಳ. ಯಂತ್ರಗಳ ಸುತ್ತ ಸದ್ದು ತಡೆಯುವ ಹಲಗೆ ಹಾಕಿಸಿದ್ದು ಆಮೇಲೆ. ಮೆಹಬೂಬ್ ಅವರನ್ನು ಸರಕು ಲೆಕ್ಕದ ಕೋಣೆಗೆ ಹಾಕಿದರು, ಅಲ್ಲಿ ಸದ್ದಿಲ್ಲ. ಇಪ್ಪತ್ತು ವರ್ಷದ ಕೆಳಗೆ ಹಾಕಬೇಕಿದ್ದ ಹಲಗೆ ಅದು. ಆಡಳಿತದವರು ಅದರ ಫೋಟೋ ತೆಗೆಸಿ ಗೋಡೆಗೆ ಹಾಕಿಕೊಂಡಿದ್ದಾರೆ.

ಮೂರನೇ ಪತ್ರಕ್ಕೆ ಉತ್ತರ ಬಂದದ್ದು ಎರಡು ಸಾವಿರದ ಒಂಬತ್ತರ ಚಳಿಗಾಲದಲ್ಲಿ. ಗ್ರಂಥಾಲಯಕ್ಕೆ ತಂದು, ನನ್ನೆದುರು ಕೂತು, ತಾವೇ ಓದಿದರು. ಸದರಿ ಟಿಪ್ಪಣಿಯು ಆ ದಿನ ಅಧಿಕಾರಿಯು ನಂಬಿದ್ದನ್ನು ದಾಖಲಿಸುತ್ತದೆಯಾದ್ದರಿಂದ ಅದನ್ನು ಅಳಿಸಲು ಸಾಧ್ಯವಿಲ್ಲ. ಅರ್ಜಿದಾರರು ಬಯಸಿದರೆ ತಮ್ಮ ಹೇಳಿಕೆಯನ್ನು ಅದರ ಕೆಳಗೆ ಅಡಿಟಿಪ್ಪಣಿಯಾಗಿ ಲಗತ್ತಿಸಬಹುದು.

ಓದಿ ಮುಗಿಸಿ ಕನ್ನಡಕ ತೆಗೆದರು. "ಆಕಿ ನಂಬಿದ್ದು ದಾಖಲಿ ಆತ್ರಿ. ನಾ ಇರೂದು ಅಡಿಟಿಪ್ಪಣಿ ಆತು."

"ಏನ್ ಮಾಡ್ತೀರಿ ಈಗ?" ಎಂದು ಕೇಳಿದೆ, ಮುಖ ಅವರ ಕಡೆ ಇಟ್ಟು.

"ಅಡಿಟಿಪ್ಪಣಿ ಎಷ್ಟ್ ಉದ್ದ ಇರಬೇಕಂತ ಬರ್ದಿಲ್ಲಲ್ಲ," ಎಂದರು. "ಹಾಳಿ ಇದ್ರ ಕೊಡ್ರಿ. ಒಂದಲ್ಲ, ಹತ್ತು ಕೊಡ್ರಿ."

ಪ್ರಿಂಟರಿನಿಂದ ಒಂದು ಹಿಡಿ ಬಿಳಿ ಹಾಳೆ ತೆಗೆದು ಅವರ ಮುಂದಿಟ್ಟೆ. ಕಿಟಕಿಯ ಪಕ್ಕದ ಮೇಜಿಗೆ ಹೋಗಿ ಕೂತು ಬರೆಯತೊಡಗಿದರು. ಐದು ಗಂಟೆಗೆ ಗ್ರಂಥಾಲಯ ಮುಚ್ಚುವ ಗಂಟೆ ಹೊಡೆದಾಗಲೂ ಬರೆಯುತ್ತಿದ್ದರು.